ಒಳಮಡಿಕೆ

ನಮ್ಮ ಅಂಗಡಿ ಬಾಗಿಲ ಪಕ್ಕದ ಮೊಳೆಯಲ್ಲಿ ಒಂದು ಹಸಿರು ಗೌನು ನೇತಾಡ್ತಿದೆ. ಬೆಲೆ ಕೇಳಬೇಡಿ, ಅದು ಮಾರೋದಕ್ಕಲ್ಲ. ದಿನಕ್ಕೆ ಒಬ್ಬರಾದರೂ ಕೇಳ್ತಾರೆ, ನಾನು ಅವರ ಮೇಲೆ ರೇಗ್ತೀನಿ, ಆಮೇಲೆ ಅತ್ತಿಗೆ ಅವರನ್ನ ಸಮಾಧಾನ ಮಾಡಿ ಕಳಿಸ್ತಾಳೆ. ಅದು ಯಾರದ್ದು, ಯಾಕೆ ಅಲ್ಲಿದೆ ಅಂತ ಹೇಳಬೇಕಾದರೆ ಮೊದಲು ನಮ್ಮ ಅತ್ತಿಗೆ ಎಂಥವಳು ಅಂತ ಹೇಳಬೇಕು.

ಅತ್ತಿಗೆ ಅಂದರೆ ನನ್ನ ಅಣ್ಣನ ಹೆಂಡತಿ. ಅಣ್ಣ ತೀರಿಕೊಂಡು ಬಹಳ ಕಾಲ ಆಯಿತು. ಅತ್ತಿಗೆ ನಾದಿನಿ ಅಂದರೆ ಹಾವು ಮುಂಗುಸಿ ಅಂತಾರೆ. ಅಂದುಕೊಳ್ಳಲಿ ಬಿಡಿ, ಹಾವು ಮುಂಗುಸಿ ಸೇರಿ ಅಂಗಡಿ ನಡೆಸಿದ್ದನ್ನ ಅವರು ನೋಡಿಲ್ಲ. ಅವಳು ಬಂದ ಹೊಸದರಲ್ಲಿ 'ನೀವು' ಅಂತಿದ್ದೆ. ಒಂದೇ ಕತ್ತರಿಗೆ ಇಬ್ಬರೂ ಕಿತ್ತಾಡುವ ಕಡೆ ಬಹುವಚನ ಎಷ್ಟು ದಿನ ನಿಲ್ಲುತ್ತೆ? ಈಗ 'ನೀನು', ಕೋಪ ಬಂದರೆ ಅದೂ ಇಲ್ಲ.

ಅಂಗಡಿ ಅಂದರೆ ಒಂದು ಮಹಡಿ ಮೆಟ್ಟಿಲ ಕೆಳಗಿನ ಜಾಗ. ಎರಡು ಮೆಷಿನ್ನು, ಇಸ್ತ್ರಿ ಮೇಜು, ಕಾಯುವವರಿಗೆ ಅಂತ ಒಂದು ಸ್ಟೂಲು. ಮೇಲೆ ಯಾರಾದರೂ ಇಳಿದರೆ ನಮ್ಮ ತಲೆ ಮೇಲೇ ನಡೆದ ಹಾಗೆ ಕೇಳುತ್ತೆ. ಹೊಸದು ನಾವು ಹೊಲಿಯಲ್ಲ. ಇದ್ದದ್ದನ್ನ ಬಿಗಿ ಮಾಡೋದು, ಸಡಿಲ ಮಾಡೋದು, ಉದ್ದ ಇಳಿಸೋದು, ಜಿಪ್ಪು ಹಾಕೋದು, ಇಷ್ಟೇ.

ಆದರೆ ಅತ್ತಿಗೆಗೆ ಇನ್ನೊಂದು ಕಸುಬಿತ್ತು. ಕಥೆ ಬರೀತಿದ್ದಳು. ಅದೂ ಸುಮ್ಮನೆ ಅಲ್ಲ, ವಾರಪತ್ರಿಕೆಯಲ್ಲಿ ಅಚ್ಚಾಗುವಂಥದ್ದು. ಸಂಪಾದಕರು ಆಗಾಗ ಫೋನ್ ಮಾಡಿ, "ಅಮ್ಮಾ, ನಿಮಗೆ ಈ ಕಥೆಗಳೆಲ್ಲ ಎಲ್ಲಿ ಸಿಗುತ್ತೆ?" ಅಂತ ಕೇಳ್ತಿದ್ದರು. ಅತ್ತಿಗೆ ಬಾಯಲ್ಲಿ ಪಿನ್ನು ಕಚ್ಚಿಕೊಂಡೇ, "ಹೊಲಿಗೆ ಬಿಚ್ಚಿದಾಗ," ಅಂತಿದ್ದಳು.

ಸುಳ್ಳಲ್ಲ. ಬಟ್ಟೆ ಕೈಗೆ ಬಂದ ಕೂಡಲೇ ಅದನ್ನ ಒಳಮಗ್ಗುಲಿಗೆ ತಿರುವಿ ನೋಡೋದು ಅವಳ ಅಭ್ಯಾಸ. ಎಡಗಡೆ ಜೇಬು ಮಾತ್ರ ಸವೆದು ತೂತಾದ ಕೋಟು ಸಿಕ್ಕಿದರೆ, "ಈ ಮನುಷ್ಯ ವರ್ಷಗಟ್ಟಲೆ ಈ ಜೇಬಿನಲ್ಲಿ ಏನನ್ನೋ ಹಿಡ್ಕೊಂಡು ಓಡಾಡಿದ್ದಾನೆ ಕಣೇ," ಅಂತ ಶುರು ಮಾಡೋಳು. ಮೂರು ದಿನ ಅದೇ ಜಪ. ನಾಲ್ಕನೇ ದಿನಕ್ಕೆ ಕಥೆ. ಮಗಳ ಲಂಗದ ಅಂಚನ್ನ ಪ್ರತಿ ವರ್ಷ ಇಳಿಸೋಕೆ ಬರುತ್ತಿದ್ದ ತಾಯಿ ಒಂದು ವರ್ಷ ಅದೇ ಲಂಗ ತಂದು, "ಇದನ್ನ ದಿಂಬಿನ ಕವರು ಮಾಡಿಕೊಡಿ," ಅಂದಿದ್ದಳು. ಅದೂ ಕಥೆಯಾಯಿತು. ಅದನ್ನ ಓದಿ ನಾನು ಅತ್ತಿದ್ದೆ, ಹೇಳಿಕೊಳ್ಳೋಕೆ ನಾಚಿಕೆಯೇನಿಲ್ಲ.

ಗಿರಾಕಿಗಳಿಗೆ ಗೊತ್ತಾಗಲ್ವಾ ಅಂತ ಕೇಳ್ತೀರಿ. ಅದಕ್ಕೆ ಅವಳದೊಂದು ಲೆಕ್ಕಾಚಾರ ಇತ್ತು. "ಎರಡೇ ಬದಲಾಯಿಸು. ಬಣ್ಣ ಬದಲಾಯಿಸು, ಸಂಬಂಧ ಬದಲಾಯಿಸು. ಮಿಕ್ಕಿದ್ದು ಹಾಗೇ ಇಡು. ಯಾರೂ ತನ್ನನ್ನ ತಾನು ಗುರುತು ಹಿಡಿಯಲ್ಲ." ಕರಿ ಕೋಟು ಬೂದು ಆಗೋದು, ಮಾವ ಚಿಕ್ಕಪ್ಪ ಆಗೋನು, ಅಷ್ಟೇ. ಆಶ್ಚರ್ಯ ಅಂದರೆ ಅದು ಕೆಲಸ ಮಾಡ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಅಂತ ಗಾದೆ ಇದೆಯಲ್ಲ, ನಮ್ಮ ಬೀದೀಲಿ ಎಲ್ಲರೂ ಪಕ್ಕದವರ ಹೆಗಲೇ ಮುಟ್ಟಿ ನೋಡ್ತಿದ್ದರು. "ಇದು ಆ ಬೇಕರಿಯವನ ಕಥೆ ಅಲ್ವಾ?" ಅಂತ ಬೇಕರಿಯವನ ಭಾವಮೈದುನ ಕೇಳಿದ. ಅದು ಅವನದೇ ಕಥೆಯಾಗಿತ್ತು!

ಇನ್ನೊಂದು ಚಟ. ಕಥೆ ಅಚ್ಚಾದ ಪತ್ರಿಕೆ ಬಂದರೆ ಅದನ್ನ ತನ್ನ ಪುಟಕ್ಕೇ ತೆರೆದು ಸ್ಟೂಲಿನ ಮೇಲೆ ಇಟ್ಟುಬಿಡೋಳು. ಕೂರೋಕೆ ಬಂದ ಗಿರಾಕಿ ಪತ್ರಿಕೆ ಎತ್ತಬೇಕು, ಎತ್ತಿದ ಮೇಲೆ ಓದಬೇಕು. "ಅಯ್ಯೋ, ಅಲ್ಲಿತ್ತಾ?" ಅಂತ ಏನೂ ಗೊತ್ತಿಲ್ಲದವಳ ಹಾಗೆ ಕೇಳೋದು ಬೇರೆ. ನಾನು ಎಷ್ಟು ಗೇಲಿ ಮಾಡಿದರೂ ಬಿಡಲಿಲ್ಲ.

ಒಂದು ವರ್ಷ ಕಥೆ ನಿಂತೇಹೋಯಿತು. ಯಾಕೋ ಗೊತ್ತಿಲ್ಲ. ಬಟ್ಟೆ ತಿರುವಿ ನೋಡೋಳು, ಕೆಳಗಿಡೋಳು. ಸಂಪಾದಕರು ವಿಶೇಷ ಸಂಚಿಕೆಗೆ ಅಂತ ಕೇಳಿ ಕೇಳಿ ಸುಸ್ತಾದರು. ಅತ್ತಿಗೆ ನನ್ನ ಮೇಲೆ, ದಾರದ ಮೇಲೆ, ಮೆಷಿನ್ನಿನ ಮೇಲೆ ಸಿಡಿಮಿಡಿ ಅನ್ನೋಕೆ ಶುರು ಮಾಡಿದಳು. ಸಿಡುಕೋದು ನನ್ನ ಇಲಾಖೆ, ಅದನ್ನೂ ಅವಳೇ ವಹಿಸಿಕೊಂಡರೆ ನಾನೆಲ್ಲಿಗೆ ಹೋಗಲಿ?

ಆಗ ಆ ಮನುಷ್ಯ ಬಂದ.

ಇಸ್ತ್ರಿ ಮಾಡಿದ ಅಂಗಿ, ಒಪ್ಪವಾಗಿ ಬಾಚಿದ ತಲೆ, ಕೈಯಲ್ಲಿ ಮಡಿಸಿದ ಮೂರು ಗೌನು. ಮಾತು ಅಂದರೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ.

"ನಮ್ಮ ಮನೆಯವಳದು. ಸ್ವಲ್ಪ ಇಳಿದಿದ್ದಾಳೆ. ಎರಡೂ ಪಕ್ಕ ಹಿಡಿದುಕೊಡಬೇಕು," ಅಂದ. ಅಳತೆ ಅವನೇ ತಂದಿದ್ದ, ಎದೆ, ಸೊಂಟ, ತೋಳು, ಎಲ್ಲಾ ಬಾಯಿಪಾಠ.

"ಅವರನ್ನೇ ಕರ್ಕೊಂಡು ಬಂದಿದ್ರೆ ಚೆನ್ನಾಗಿರ್ತಿತ್ತು," ಅಂದಳು ಅತ್ತಿಗೆ.

"ಅವಳು ಹೊರಗೆ ಬರಲ್ಲ," ಅಂದ. ಆಮೇಲೆ ನಗುತ್ತಾ, "ಇನ್ನೊಂದು. ಒಳಗೆ ಮಿಗೋ ಬಟ್ಟೇನ ಕತ್ತರಿಸಿಬಿಡಿ. ಕತ್ತರಿಸಿದ ತುಂಡುಗಳನ್ನ ನನಗೆ ಕೊಡಿ," ಅಂದ.

ನಮ್ಮಿಬ್ಬರ ಕೈಯೂ ನಿಂತಿತು. ನಿಮಗೆ ಇದು ದೊಡ್ಡ ಮಾತು ಅನ್ನಿಸದೇ ಇರಬಹುದು. ಬಟ್ಟೆ ಬಿಗಿ ಮಾಡುವಾಗ ಮಿಕ್ಕ ಬಟ್ಟೆಯನ್ನ ಕತ್ತರಿಸಬಾರದು, ಎರಡು ಬೆರಳಗಲ ಒಳಗೇ ಮಡಿಸಿ ಬಿಡಬೇಕು. ಇವತ್ತು ಸಣ್ಣಗಾದವರು ನಾಳೆ ದಪ್ಪಗಾಗ್ತಾರೆ, ಆಗ ಹೊಲಿಗೆ ಬಿಚ್ಚಿದರೆ ಸಾಕು. ನನ್ನ ಅಮ್ಮ ನಮ್ಮಿಬ್ಬರಿಗೂ ಕಲಿಸಿದ ಮೊದಲ ಪಾಠವೇ ಅದು. "ಕತ್ತರಿಸಿದ ಬಟ್ಟೆ ಮರಳಿ ಬರಲ್ಲ, ಇಳಿದ ಮೈ ಮರಳಿ ಬರುತ್ತೆ," ಅಂತಿದ್ದಳು. ಅದಕ್ಕೆ ಒಳಮಡಿಕೆ ಅಂತೀವಿ. ನಮ್ಮ ಬೀದಿಯ ಪೊಲೀಸಮ್ಮ ಪ್ರತಿ ವರ್ಷ ಸಮವಸ್ತ್ರ ತಂದು, "ನನ್ನ ಸೊಂಟಕ್ಕೆ ಸರ್ಕಾರ ಜಾಗ ಮಂಜೂರು ಮಾಡಿದೆ, ಬಿಚ್ಚಿ," ಅನ್ನುವಾಗ ಅವಳ ಮಾನ ಉಳಿಸೋದು ಆ ಒಳಮಡಿಕೆಯೇ. ಕತ್ತರಿಸಿ ಅಂತ ಹೇಳಿದ ಗಿರಾಕಿಯನ್ನ ನಾವು ಕಂಡೇ ಇರಲಿಲ್ಲ.

"ಮತ್ತೆ ದಪ್ಪಗಾದ್ರೆ?" ಅಂದೆ ನಾನು.

"ಆಗಲ್ಲ," ಅಂದ. ಅಷ್ಟೇ. ಒಳ್ಳೇ ಮನುಷ್ಯನ ಹಾಗೆ ನಮಸ್ಕಾರ ಮಾಡಿ ಹೋದ.

ಅತ್ತಿಗೆ ಕತ್ತರಿಸಲಿಲ್ಲ. ಒಳಮಡಿಕೆಯನ್ನ ಮತ್ತೊಂದು ಸುತ್ತು ಮಡಿಸಿ, ಕೈಗೆ ಸಿಗದ ಹಾಗೆ ಚಪ್ಪಟೆಯಾಗಿ ಹೊಲಿದು, ಮೇಲೆ ಇಸ್ತ್ರಿ ಒತ್ತಿದಳು. ಅವನಿಗೆ ಕೊಡೋಕೆ ತುಂಡು ಬೇಕಲ್ಲ? ಕೆಳಗಿನ ಅಂಚಿನಿಂದ ಒಂದೊಂದು ಪಟ್ಟಿ ತೆಗೆದಳು. ಅವನು ಬಂದು ಪಟ್ಟಿಗಳನ್ನ ಎಣಿಸಿ ಜೇಬಿಗೆ ಹಾಕಿಕೊಂಡ. ಅವನು ಹೋದ ಮೇಲೆ ನಾವಿಬ್ಬರೂ ಗೆದ್ದವರ ಹಾಗೆ ನಕ್ಕೆವು.

ಒಂದೆರಡು ತಿಂಗಳಿಗೆ ಅದೇ ಮೂರು ಗೌನು ಹಿಡಿದು ಮತ್ತೆ ಬಂದ. ಇನ್ನೂ ಬಿಗಿ ಬೇಕಂತೆ. ಹೊಸ ಅಳತೆ ಹೇಳಿದ. ಅದು ದೊಡ್ಡ ಹೆಂಗಸಿನ ಅಳತೆಯಲ್ಲ, ಶಾಲೆಗೆ ಹೋಗುವ ಹುಡುಗಿಯದು. ಉದ್ದ ಮಾತ್ರ ಹೆಂಗಸಿನದು.

ಅವನು ಹೋದ ಮೇಲೆ ಅತ್ತಿಗೆ ಹಸಿರು ಗೌನನ್ನ ತಿರುವಿ ಹಿಡಿದಳು. ಒಳಮಡಿಕೆಯ ಮೇಲೆ, ಎಡಪಕ್ಕದಲ್ಲಿ, ಬಟ್ಟೆ ನಯವಾಗಿ ಹೊಳೀತಿತ್ತು. ಯಾರೋ ಬೆರಳಿನಿಂದ ಅದೊಂದೇ ಜಾಗವನ್ನ ಉಜ್ಜಿ ಉಜ್ಜಿ ಸವೆಸಿದ್ದರು. ಅತ್ತಿಗೆ ತಲೆ ಎತ್ತಿದಳು. ಒಂದು ವರ್ಷದಿಂದ ನಾನು ಕಾಣದಿದ್ದ ಬೆಳಕು ಅವಳ ಮುಖದಲ್ಲಿತ್ತು.

"ಸಿಕ್ತು ಕಣೇ," ಅಂದಳು.

ನನಗೆ ಮೈಯೆಲ್ಲಾ ಉರಿದುಹೋಯಿತು. "ಏನು ಸಿಕ್ತು? ಕಥೆನಾ? ಅಲ್ಲೊಬ್ಬಳು ದಿನದಿನಕ್ಕೆ ಕರಗ್ತಾ ಇದ್ದಾಳೆ, ಇಲ್ಲಿ ನಿನಗೆ ಕಥೆ ಸಿಕ್ತಾ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ! ಇವನು ಇನ್ನೆರಡು ಸಲ ಬಂದ ಅಂದ್ರೆ ಆಮೇಲೆ ಬಿಗಿ ಮಾಡೋಕೆ ಅವಳ ಮೈಯೇ ಇರಲ್ಲ, ಗೊತ್ತಾಯ್ತಾ?"

"ಕಾಯಿಲೆ ಇರಬಹುದು."

"ಕಾಯಿಲೆಯವಳ ಗಂಡ ತುಂಡು ಎಣಿಸ್ತಾನಾ?"

ಅತ್ತಿಗೆ ಆ ವಾರವೆಲ್ಲ ಬರೆದಳು. ಬರೆದರೆ ತನಗೆ ವಿಷಯ ಅರ್ಥವಾಗುತ್ತೆ ಅನ್ನೋದು ಅವಳ ವಾದ. ಹಸಿರು ಗೌನು ಕೆಂಪಾಯಿತು, ಗಂಡ ಅಣ್ಣನಾದ. ಮುಗಿಯೋದು ಹೀಗೆ: ದರ್ಜಿ ಹೆಂಗಸು ಕೊನೇ ಸಲ ಅಳತೆ ನೋಡೋ ನೆಪ ಮಾಡಿ, ಒಬ್ಬ ಪೊಲೀಸ್ ಹೆಂಗಸನ್ನ ಸಹಾಯಕಿ ಅಂತ ಕರಕೊಂಡು ಮನೆಗೆ ಹೋಗಿ, ತಂಗಿಯನ್ನ ಬಿಡಿಸಿಕೊಂಡು ಬರ್ತಾಳೆ. ನನಗೆ ಓದಿ ಹೇಳಿದಳು. ಕಥೆ ಚೆನ್ನಾಗಿತ್ತು. ಅವಳು ಬರೆದದ್ದರಲ್ಲೆಲ್ಲ ಅದೇ ಚೆನ್ನಾಗಿತ್ತು, ಹಾಳಾದ್ದು.

"ಒಳಮಡಿಕೆ ವಿಷಯ ತೆಗೆದುಬಿಡು. ಅಂಚಿನ ಪಟ್ಟಿ ಕೊಟ್ಟು ಏಮಾರಿಸಿದ್ದನ್ನೂ ತೆಗಿ," ಅಂದೆ.

"ಅದೇ ಅಲ್ವೇನೇ ಕಥೆ? ಅದನ್ನ ತೆಗೆದ್ರೆ ಬರೀ ಗುಂಡಿ ಉಳಿಯುತ್ತೆ, ಅಂಗಿ ಇರಲ್ಲ," ಅಂದಳು. "ಎರಡು ಬದಲಾಯಿಸಿದ್ದೀನಿ. ಸಾಕು."

ಅಂಚೆಗೆ ಹಾಕಿಬಂದಳು.

ಆದರೆ ಅತ್ತಿಗೆ ಕಲ್ಲೇನಲ್ಲ. ಮುಂದಿನ ಸಲ ಅವನು ಬಂದಾಗ, "ಕಂಕುಳ ಹತ್ತಿರ ಎಳೀತಾ ಇದೆ. ಮೈಮೇಲೆ ಹಾಕಿ ನೋಡದೆ ಮುಂದೆ ಹೊಲಿಯೋಕಾಗಲ್ಲ. ಅವರು ಬರಲ್ಲ ಅಂದ್ರೆ ನಾವೇ ಬರ್ತೀವಿ," ಅಂದಳು. ಅವನು ಯೋಚಿಸಿದ. ಬಟ್ಟೆ ಸರಿಯಾಗಿ ಕೂರಬೇಕು ಅನ್ನೋ ಆಸೆ ಗೆದ್ದಿತು ಅಂತ ಕಾಣುತ್ತೆ. ಬನ್ನಿ ಅಂದ.

ಮೂರನೇ ಮಹಡಿ. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು, ಅವನು ಬೀಗ ತೆಗೆದ. ಒಳಗೆ ಎಲ್ಲಾ ಫಳಫಳ. ಒಂಚೂರು ಧೂಳಿಲ್ಲ, ಒಂದು ಕನ್ನಡಿಯೂ ಇಲ್ಲ. ಗೋಡೆ ಬದಿಗೆ ತೂಕದ ಯಂತ್ರ. ಅಡುಗೆಮನೆ ಬಾಗಿಲು ತೆರೆದಿತ್ತು. ಅಲ್ಲಿನ ಕಪಾಟಿಗೆ ಬೀಗ. ಫ್ರಿಜ್ಜಿಗೂ ಬೀಗ. ಬೀಗದಕೈ ಗೊಂಚಲು ಅವನ ಸೊಂಟದಲ್ಲಿ.

ಅವಳು ಕೋಣೆ ಮಧ್ಯೆ ನಿಂತಿದ್ದಳು. ಹಸಿರು ಗೌನಿನಲ್ಲೇ ಇದ್ದಳು. ನಾವು ಒಳಗೆ ಬಂದ ಕೂಡಲೇ, ಹೇಳುವ ಮೊದಲೇ, ಎರಡು ಕೈಯನ್ನೂ ಎತ್ತಿದಳು. ಅಳತೆ ಕೊಟ್ಟು ಕೊಟ್ಟು ಆದ ಅಭ್ಯಾಸ. ಅತ್ತಿಗೆ ಟೇಪು ಹಿಡಿದಳು. ಟೇಪು ಸುತ್ತಿ ಅಂಕಿ ನೋಡುವ ಮೊದಲೇ ಅವನು ಬಾಗಿಲಲ್ಲಿ ನಿಂತು ಅಂಕಿ ಹೇಳಿದ. ಸರಿಯಾಗಿಯೇ ಹೇಳಿದ.

"ನಾನು ಮದುವೆಯಾದಾಗ ಇವಳು ಹೇಗಿದ್ದಳೋ ಹಾಗಾಗಬೇಕು," ಅಂದ ನಮಗೆ. "ಇನ್ನೂ ಸ್ವಲ್ಪ ಇದೆ."

ಇನ್ನೂ ಸ್ವಲ್ಪ ಏನಿತ್ತು? ಭುಜದ ಮೂಳೆ ಬಟ್ಟೆಯೊಳಗೆ ಹ್ಯಾಂಗರಿನ ಹಾಗೆ ಕಾಣಿಸ್ತಿತ್ತು. ಅಯ್ಯೋ, ಆ ಮುಖ. ವಯಸ್ಸು ಎಷ್ಟು ಅಂತಲೇ ತಿಳಿಯದ ಮುಖ. ಬೈಯೋಕೆ ಅಂತ ಹುಟ್ಟಿದವಳು ನಾನು, ಅವತ್ತು ಬಾಯಿಂದ ಒಂದು ಮಾತು ಹೊರಡಲಿಲ್ಲ.

ಅತ್ತಿಗೆಗೆ ಉಪಾಯ ಹೊಳೆಯಿತು. ಪಿನ್ನು ನುಂಗಿದವಳ ಹಾಗೆ ಕೆಮ್ಮಿದಳು. "ನೀರು, ನೀರು," ಅಂದಳು. ಅವನು ಅಡುಗೆಮನೆಗೆ ಹೋದ. ಬೀಗದಕೈ ಸದ್ದು ಕೇಳಿಸಿತು, ಲೋಟಕ್ಕೂ ಬೀಗ ಹಾಕಿದ್ದ ಅಂತ ಕಾಣುತ್ತೆ.

ಆ ಹೆಂಗಸು ಬಗ್ಗಿ, ತುಟಿ ಅಲ್ಲಾಡಿಸದೆ ಕೇಳಿದಳು. "ಒಳಗೆ ಬಟ್ಟೆ ಬಿಟ್ಟವರು ನೀವೇನಾ?"

ಅತ್ತಿಗೆ ತಲೆಯಾಡಿಸಿದಳು.

"ದಿನಾ ಅದನ್ನ ಮುಟ್ಟಿ ನೋಡ್ಕೋತೀನಿ," ಅಂದಳು.

ನನ್ನ ಜೇಬಿನಲ್ಲಿ ಒಂದು ಪೆಪ್ಪರಮೆಂಟು ಇತ್ತು. ಅವಳ ಅಂಗೈಗೆ ಒತ್ತಿದೆ. ಅವಳ ಬೆರಳು ಗಟ್ಟಿಯಾಗಿ ಮುಚ್ಚಿಕೊಂಡವು. ಆಮೇಲೆ ಒಂದೊಂದಾಗಿ ಬಿಡಿಸಿ ಅದನ್ನ ನನ್ನ ಕೈಗೇ ವಾಪಸ್ಸು ಇಟ್ಟಳು. "ವಾಸನೆ ಬರುತ್ತೆ," ಅಂದಳು. ಅಷ್ಟರಲ್ಲಿ ಅವನು ನೀರು ತಂದ.

ಮೆಟ್ಟಿಲು ಇಳಿಯುವಾಗ ಅತ್ತಿಗೆ ಗೋಡೆ ಹಿಡಿದುಕೊಂಡು ಇಳಿದಳು. ಬೀದಿಗೆ ಬಂದು ನಿಂತವಳು, "ನನ್ನ ಕಥೆಯಲ್ಲಿ ಇಷ್ಟು ಕೆಟ್ಟದಾಗಿರಲಿಲ್ಲ ಕಣೇ," ಅಂದಳು.

ನೇರ ಪೊಲೀಸಮ್ಮನ ಹತ್ತಿರ ಹೋದೆವು. ಪೊಲೀಸಮ್ಮ ನಮ್ಮ ಹಳೇ ಗಿರಾಕಿ, ನಗೋದು ಬಿಟ್ಟರೆ ಬೇರೆ ಗೊತ್ತಿಲ್ಲದವಳು. ಅವತ್ತು ನಗಲಿಲ್ಲ.

"ಬಾಗಿಲು ತಟ್ಟಿದ್ರೆ ಅವನು ಹೆಂಡತಿಗೆ ಕಾಯಿಲೆ ಅಂತಾನೆ. ಅವಳು ಅವನ ಮುಂದೆ ಹೌದು ಅಂತಾಳೆ. ಇಂಥ ಬಾಗಿಲು ನಾನು ಬಹಳ ನೋಡಿದ್ದೀನಿ," ಅಂದಳು. "ಅವನು ಪಕ್ಕದಲ್ಲಿ ಇಲ್ಲದಿರುವಾಗ ಅವಳ ಬಾಯಿಂದ ಬರ್ತೀನಿ ಅನ್ನೋ ಒಂದು ಮಾತು ಬಂದ್ರೆ ಸಾಕು. ಆಮೇಲೆ ಅವನಪ್ಪ ಅಡ್ಡ ಬಂದ್ರೂ ಕರ್ಕೊಂಡು ಬರ್ತೀನಿ."

ಆಗ ಅತ್ತಿಗೆ ತನ್ನ ಕಥೆಯ ಕೊನೆಯನ್ನೇ ಹೇಳಿದಳು. ಸಹಾಯಕಿಯ ವೇಷ, ಕೊನೇ ಅಳತೆಯ ನೆಪ, ಎಲ್ಲಾ. ಪೊಲೀಸಮ್ಮ ಅವಳನ್ನೇ ನೋಡಿದಳು. "ಇದನ್ನ ಎಷ್ಟು ಹೊತ್ತಿನಿಂದ ಯೋಚಿಸಿದ್ರಿ?" ಅಂದಳು. ಅದು ಕಥೆಯದು ಅಂತ ನಾವಿಬ್ಬರೂ ಹೇಳಲಿಲ್ಲ. ಅಳತೆ ಮುಗಿದ ಮೇಲೆ ಹಸಿರು ಗೌನನ್ನ ಬಿಚ್ಚಿಸಿ ಜೊತೆಗೆ ತಂದಿದ್ದೆವು, ಶುಕ್ರವಾರ ಅದನ್ನ ಮುಗಿಸಿ ಮನೆಗೇ ತಂದು ಹಾಕಿ ನೋಡ್ತೀವಿ ಅಂತ ಅವನಿಗೆ ಹೇಳಿದ್ದೆವು. ಶುಕ್ರವಾರವೇ ಅಂತ ತೀರ್ಮಾನವಾಯಿತು.

ಹೊರಗೆ ಬಂದ ಕೂಡಲೇ ನಾನು ಹಿಡಿದುಕೊಂಡೆ. "ಮೊದಲು ಸಂಪಾದಕರಿಗೆ ಫೋನ್ ಮಾಡು. ಕಥೆ ನಿಲ್ಲಿಸಿ ಅನ್ನು."

ಮಾಡಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಆ ಕಡೆಯಿಂದ ಅವರು ಒಂದೇ ಸಮ ಹೊಗಳ್ತಿದ್ದರು, ನನಗೂ ಕೇಳಿಸ್ತಿತ್ತು. ಇಂಥ ಕಥೆ ತಮ್ಮ ಕೈಗೆ ಬಂದು ವರ್ಷಗಳೇ ಆದವಂತೆ. ಓದಿ ಮನೆಯಲ್ಲಿ ಹೆಂಡತಿಗೂ ಓದಿ ಹೇಳಿದರಂತೆ. ಅತ್ತಿಗೆ "ಹೌದಾ? ಹೌದಾ?" ಅಂತಿದ್ದಳು. ಕೊನೆಗೆ, "ಯಾವಾಗ ಬರುತ್ತೆ?" ಅಂತ ಕೇಳಿದಳು. ಮುಂದಿನ ತಿಂಗಳು ಅಂದರು. ಫೋನಿಟ್ಟಳು.

"ನಿಲ್ಲಿಸಿ ಅನ್ನಲೇ ಇಲ್ಲ!"

"ಮುಂದಿನ ತಿಂಗಳು ಅಂದ್ರಲ್ಲ. ಅಷ್ಟರಲ್ಲಿ ಅವಳು ಆಚೆ ಬಂದಿರ್ತಾಳೆ. ಯಾಕೆ ಸುಮ್ಮನೆ ಗಾಬರಿ ಬೀಳ್ತೀಯಾ?" ಅಂದಳು. ಒಂದು ವರ್ಷದ ಬರ ಆದ ಮೇಲೆ ಬಂದ ಹೊಗಳಿಕೆ ಅದು. ಅವಳಿಗೆ ಅದನ್ನ ಕೈಯಾರೆ ಚೆಲ್ಲೋಕೆ ಮನಸ್ಸು ಬರಲಿಲ್ಲ. ನಾನು ಏಕವಚನದಲ್ಲಿ ನಾಲ್ಕು ಮಾತು ಅಂದೆ.

ಗುರುವಾರ ನಾನು ದಾರ, ಹುಕ್ಕು ತರೋಕೆ ಪೇಟೆಗೆ ಹೋಗಿದ್ದೆ. ವಾಪಸ್ಸು ಬಂದಾಗ ಅಂಗಡಿಯಲ್ಲಿ ಮೆಷಿನ್ನಿನ ಸದ್ದಿರಲಿಲ್ಲ. ಒಳಗೆ ಕಾಲಿಟ್ಟೆ.

ಆ ಮನುಷ್ಯ ಸ್ಟೂಲಿನ ಮೇಲೆ ಕೂತಿದ್ದ. ಕೈಯಲ್ಲಿ ವಾರಪತ್ರಿಕೆ.

ಆಮೇಲೆ ತಿಳಿಯಿತು. ಸಂಪಾದಕರು ಕಥೆ ಮೆಚ್ಚಿ ಅದನ್ನ ಮುಂದಕ್ಕೆ ತಳ್ಳದೆ ಈ ವಾರವೇ ಹಾಕಿಬಿಟ್ಟಿದ್ದರು. ಬೆಳಿಗ್ಗೆ ಅಂಚೆಯವನು ಪತ್ರಿಕೆ ತಂದುಕೊಟ್ಟಿದ್ದ. ಅತ್ತಿಗೆ ಬಿಡಿಸಿ ನೋಡಿದ್ದಾಳೆ, ತನ್ನ ಹೆಸರು ಕಂಡಿದೆ, ಕೈ ತನ್ನ ಪಾಡಿಗೆ ತಾನು ಅದನ್ನ ತೆರೆದು ಸ್ಟೂಲಿನ ಮೇಲೆ ಇಟ್ಟುಬಿಟ್ಟಿದೆ. ಶುಕ್ರವಾರ ಸಾಯಂಕಾಲದ ಬದಲು ಬೆಳಿಗ್ಗೆಯೇ ಬನ್ನಿ ಅಂತ ಹೇಳೋಕೆ ಅವನು ದಾರಿಯಲ್ಲಿ ಹೋಗುವಾಗ ಒಳಗೆ ಬಂದಿದ್ದಾನೆ. "ಒಂದು ಹೊಲಿಗೆ ಇದೆ, ಕೂತ್ಕೊಳ್ಳಿ," ಅಂತ ಅತ್ತಿಗೆಯೇ ಹೇಳಿದ್ದಾಳೆ, ಅನುಮಾನ ಬರಬಾರದು ಅಂತ. ಅವನು ಪತ್ರಿಕೆ ಎತ್ತಿಕೊಂಡಾಗಲೇ ಅದು ಅವಳ ಕಣ್ಣಿಗೆ ಬಿದ್ದದ್ದು.

ಅವನು ಸಾಲಿನ ಕೆಳಗೆ ಬೆರಳಿಟ್ಟು ಓದ್ತಿದ್ದ. ಅತ್ತಿಗೆ ಮೆಷಿನ್ ಮುಂದೆ ಕೂತಿದ್ದಳು, ಸೂಜಿ ಬಟ್ಟೆಯೊಳಗೇ ನಿಂತಿತ್ತು.

"ಅದು ಹಳೇದು, ಕೊಡಿ ಇಲ್ಲಿ, ಇಸ್ತ್ರಿ ಕೆಳಗೆ ಹಾಕಬೇಕು," ಅಂತ ಕೈ ಚಾಚಿದೆ.

"ಒಂದು ನಿಮಿಷ," ಅಂದ ತಲೆ ಎತ್ತದೆ. "ಇನ್ನೂ ಸ್ವಲ್ಪ ಇದೆ."

ಕಿತ್ತುಕೊಳ್ಳಬಹುದಿತ್ತು. ಕಿತ್ತುಕೊಂಡರೆ ಅನುಮಾನ ಬರುತ್ತೆ, ಬಿಟ್ಟರೆ ಓದ್ತಾನೆ. ನಿಂತೆ. ಯಾರೋ ಮೆಟ್ಟಿಲು ಇಳಿದು ಹೋದರು. ಅವನು ಪುಟ ತಿರುವಿದ. ಒಂದು ಕಡೆ ಬೆರಳು ನಿಂತಿತು, ಹಿಂದಿನ ಸಾಲಿಗೆ ಹೋಯಿತು, ಮತ್ತೆ ಮುಂದೆ ಬಂತು. ಅದು ಯಾವ ಜಾಗ ಅಂತ ನನಗೆ ಗೊತ್ತಿತ್ತು. ಆಮೇಲೆ ಕೊನೆಯ ತನಕ ಓದಿದ. ದರ್ಜಿಯ ನೆಪ, ಸಹಾಯಕಿಯ ವೇಷ, ತಂಗಿ ಮೆಟ್ಟಿಲು ಇಳಿದು ಬರುವುದು.

ಪತ್ರಿಕೆಯನ್ನ ನೀಟಾಗಿ ಮಡಿಸಿ ಸ್ಟೂಲಿನ ಮೇಲಿಟ್ಟ. ಮೇಜಿನ ಮೇಲಿದ್ದ ಹಸಿರು ಗೌನು ಎತ್ತಿಕೊಂಡ. ಒಳಮಗ್ಗುಲಿಗೆ ತಿರುವಿದ, ಥೇಟ್ ಅತ್ತಿಗೆ ತಿರುವುವ ಹಾಗೆಯೇ. ಪಕ್ಕದ ಹೊಲಿಗೆ ಮೇಲೆ ಹೆಬ್ಬೆರಳು ಒತ್ತಿ ಮೇಲಿಂದ ಕೆಳಗೆ ಜಾರಿಸಿದ. ಸವೆದು ಹೊಳೆಯುವ ಜಾಗ ಬಂದಾಗ ಹೆಬ್ಬೆರಳು ನಿಂತಿತು.

"ಅಣ್ಣ ಅಂತ ಮಾಡಿದ್ದೀರಿ," ಅಂದ. "ಗಂಡ ಅಂತಲೇ ಇಡಬಹುದಿತ್ತು."

"ಇಲ್ಲ, ಅದು... ಅದು ಬೇರೆಯವರದು..." ಅಂದಳು ಅತ್ತಿಗೆ. ಇಷ್ಟು ಕಥೆ ಕಟ್ಟಿದವಳಿಗೆ ಅವತ್ತು ಒಂದು ಸುಳ್ಳು ಕಟ್ಟೋಕೆ ಆಗಲಿಲ್ಲ.

ಅವನು ಗೌನನ್ನ ಕೆಳಗಿಟ್ಟ, ಮಡಿಕೆ ಸರಿ ಮಾಡಿದ. "ಬಟ್ಟೆ ಇಲ್ಲೇ ಇರಲಿ," ಅಂದ. "ಇನ್ನು ಬೇಕಾಗಲ್ಲ."

ನಮಸ್ಕಾರ ಮಾಡಿ ಹೋದ. ಹೊರಗೆ ಅವನ ಕಾರು ಹೊರಟ ಸದ್ದು ಕೇಳಿತು. ಅತ್ತಿಗೆ ಚಪ್ಪಲಿಯಿಲ್ಲದೆ ಓಡಿದಳು, ಕೊರಳಲ್ಲಿ ಟೇಪು ಹಾಗೇ ಇತ್ತು. ನಾನು ಪೊಲೀಸಮ್ಮನಿಗೆ ಫೋನ್ ಮಾಡ್ತಾ ಅವಳ ಹಿಂದೆ ಓಡಿದೆ. ಒಂದು ಬಾಡಿಗೆ ಗಾಡಿಯೂ ನಿಲ್ಲಿಸಲಿಲ್ಲ. ಅರ್ಧ ದಾರಿಯಲ್ಲಿ ಪೊಲೀಸಮ್ಮನ ಜೀಪು ನಮ್ಮನ್ನ ಹತ್ತಿಸಿಕೊಂಡಿತು.

ಮೂರನೇ ಮಹಡಿಯ ಬಾಗಿಲಿಗೆ ಬೀಗ ಇರಲಿಲ್ಲ. ಹಾರುಹೊಡೆದಿತ್ತು. ಒಳಗೆ ಎಲ್ಲಾ ಹಾಗೇ ಫಳಫಳ. ಅಡುಗೆಮನೆ ಕಪಾಟಿನ ಬೀಗ ತೆಗೆದಿತ್ತು, ಒಳಗೆ ಡಬ್ಬಿಗಳು ಸಾಲಾಗಿ ನಿಂತಿದ್ದವು. ಬ್ರೆಡ್ಡು, ಬಿಸ್ಕತ್ತು, ಹಣ್ಣು, ಎಲ್ಲಾ ಇತ್ತು. ಅದನ್ನ ನೋಡಿ ಪೊಲೀಸಮ್ಮ ಕೆಟ್ಟದೊಂದು ಬೈಗುಳ ಬೈದಳು.

ಕೆಳಗಿನ ಮನೆಯ ಹೆಂಗಸು ಬಾಗಿಲಿಗೆ ಬಂದಳು. "ಈಗಷ್ಟೇ ಹೋದ್ರಲ್ಲ," ಅಂದಳು. "ಹೆಂಡತೀನ ಹುಷಾರಾಗಿ ಹಿಡ್ಕೊಂಡು ಇಳಿಸಿದ್ರು. ಕಾರಿನ ಬಾಗಿಲು ಅವರೇ ತೆಗೆದ್ರು. ಪಾಪ, ಎಷ್ಟು ಚೆನ್ನಾಗಿ ನೋಡ್ಕೋತಾರೆ!"

ಪೊಲೀಸಮ್ಮ ಎಲ್ಲಾ ಕಡೆ ತಿಳಿಸಿದಳು. ಕಾರಿನ ನಂಬರು ಅಂತ ಕೆಳಗಿನವಳು ಹೇಳಿದ್ದು ಬೇರೆ ಯಾರದೋ ಆಗಿತ್ತು. ಮನೆ ಹಿಡಿಯುವಾಗ ಅವನು ಕೊಟ್ಟ ಹೆಸರೂ ಅವನದಲ್ಲ. ಊರೆಲ್ಲಾ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗಾಯಿತು ನಮ್ಮ ಓಡಾಟ. ಎಷ್ಟೋ ತಿಂಗಳಾಯಿತು, ಒಂದು ಸುಳಿವಿಲ್ಲ. ಇದ್ದಾಳೋ ಇಲ್ಲವೋ ಅದೂ ಗೊತ್ತಿಲ್ಲ.

ಅವತ್ತು ಮನೆಗೆ ಬಂದು ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಇಷ್ಟು ದಿನ ಒಟ್ಟಿಗೆ ಉಂಡವಳಿಗೆ ಅನ್ನಬಾರದ್ದನ್ನೂ ಅಂದೆ. "ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಗೊತ್ತಿಲ್ವಾ ನಿನಗೆ? ನಿನ್ನ ಹೆಸರು ಅಚ್ಚಾಗೋಕೆ ಅವಳು ಹೋಗಬೇಕಿತ್ತಾ?" ಅಂದೆ. ಅವಳು ಎದ್ದು ಅಂಗಡಿಗೆ ಹೋಗಿ, ಹಸಿರು ಗೌನನ್ನ ತೊಡೆ ಮೇಲೆ ಹಾಕಿಕೊಂಡು, ಒಂದೊಂದೇ ಹೊಲಿಗೆ ಬಿಚ್ಚುತ್ತಾ ಕೂತಳು. ಎಲ್ಲಾ ಒಳಮಡಿಕೆ ಬಿಚ್ಚಿ, ಮೊದಲನೇ ಸಲ ಬಂದಾಗ ಎಷ್ಟು ಅಗಲ ಇತ್ತೋ ಅಷ್ಟಕ್ಕೆ ತಂದು, ಮತ್ತೆ ಹೊಲಿದು, ಇಸ್ತ್ರಿ ಮಾಡಿ, ಬೀದಿಗೆ ಕಾಣುವ ಹಾಗೆ ಬಾಗಿಲ ಪಕ್ಕದ ಮೊಳೆಗೆ ಹಾಕಿದಳು.

"ಬಂದ್ರೆ ಹಿಡಿಸಬೇಕಲ್ಲ," ಅಂದಳು.

ಆಗ ನನಗೆ ಅವಳ ಮೇಲಿನ ಕೋಪ ಇಳಿಯಿತು ಅಂತ ಹೇಳಲಾರೆ. ಇಳಿದಿಲ್ಲ. ಅವಳ ಜೊತೆ ಅಳಬೇಕು ಅನ್ನಿಸಿತು, ಅಷ್ಟೇ. ಅತ್ತೆವು. ಈಗಲೂ ಸಣ್ಣ ಮೈಕಟ್ಟಿನ ಹೆಂಗಸು ಯಾರಾದರೂ ಬೀದಿಯಲ್ಲಿ ಹೋದರೆ ಅತ್ತಿಗೆಯ ಮೆಷಿನ್ ನಿಲ್ಲುತ್ತೆ. ಬಟ್ಟೆ ಬಂದರೆ ಒಳಮಗ್ಗುಲಿಗೆ ತಿರುವಿ ನೋಡೋದಿಲ್ಲ. ಅಳತೆ ಎಷ್ಟು ಅಂತ ಕೇಳ್ತಾಳೆ, ಹೊಲೀತಾಳೆ, ಕೊಡ್ತಾಳೆ.

ಮೊನ್ನೆ ಸಂಪಾದಕರು ಫೋನ್ ಮಾಡಿದ್ದರು. ಅವರಿಗೆ ಇದ್ಯಾವುದೂ ಗೊತ್ತಿಲ್ಲ. ಕೈಯಲ್ಲಿ ಕೆಲಸ ಇತ್ತು ಅಂತ ಅತ್ತಿಗೆ ಫೋನನ್ನ ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದ್ದಳು.

"ಅಮ್ಮಾ, ನಿಮ್ಮ ಆ ಕಥೆ ಬಗ್ಗೆ ಓದುಗರು ಇನ್ನೂ ಕೇಳ್ತಿದ್ದಾರೆ," ಅಂದರು, ಬಹಳ ಖುಷಿಯಲ್ಲಿ. "ಆಚೆ ಬಂದ ಮೇಲೆ ಆ ಹುಡುಗಿ ಏನಾದಳು, ಎಲ್ಲಿದ್ದಾಳೆ, ಚೆನ್ನಾಗಿದ್ದಾಳಾ ಅಂತ ಎಲ್ಲರ ಪ್ರಶ್ನೆ. ಮುಂದಿನ ಭಾಗ ಬರೀರಿ. ಅವಳಿಗೆ ಏನಾಯ್ತು ಹೇಳಿ."

ಅತ್ತಿಗೆ ಕತ್ತರಿ ಕೆಳಗಿಟ್ಟಳು. ಬಾಗಿಲ ಪಕ್ಕದ ಗೌನು ಗಾಳಿಗೆ ಸ್ವಲ್ಪ ಅಲ್ಲಾಡಿತು, ಅವಳು ಬೆಚ್ಚಿ ಆ ಕಡೆ ನೋಡಿದಳು. ಯಾರೂ ಇರಲಿಲ್ಲ.

"ಯಾರಿಗಾದ್ರೂ ಗೊತ್ತಾದ್ರೆ ನನಗೂ ಹೇಳಿ ಸಾರ್," ಅಂದಳು.